ಹತ್ತು ಮಕ್ಕಳ ಲೆಕ್ಕ

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ನಾನು ಆಸ್ಪತ್ರೆಯ ಶೌಚಾಲಯದಲ್ಲಿ ನಿಂತು ಎದೆಹಾಲು ಹಿಂಡಿ ಬೇಸಿನ್ನಿಗೆ ಚೆಲ್ಲಿದೆ. ಫಿನಾಯಿಲಿನ ಘಾಟು, ಎದೆಗೆ ಅಂಟಿಕೊಂಡ ಒದ್ದೆ ಯೂನಿಫಾರ್ಮು, ಹೊರಗಿನಿಂದ ಬಾಗಿಲು ತಟ್ಟುವ ಸದ್ದು. ಅಲ್ಲಿಂದ ವಾರ್ಡಿಗೆ ಬಂದರೆ ಗೋಡೆಯ ಮೇಲೆ ತಾಯಿಹಾಲಿನ ಮಹಿಮೆ ಸಾರುವ ದೊಡ್ಡ ಪೋಸ್ಟರು. ಅದನ್ನು ಕಿತ್ತು ಕಸದ ಬುಟ್ಟಿಗೆ ಹಾಕಬೇಕೆನಿಸಿತು. ಹಾಕಲಿಲ್ಲ, ನೋಡದ ಹಾಗೆ ಓಡಾಡಲು ಕಲಿತೆ.

ಊರು ಸೌದಿ ಅರೇಬಿಯಾದ ಖಮೀಸ್ ಮುಶೈತ್. ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಮಕ್ಕಳ ವಾರ್ಡಿನ ನರ್ಸು, ನನ್ನ ಗಂಡನಿಗೆ ಟಯರ್ ಅಂಗಡಿಯಲ್ಲಿ ಕೆಲಸ. ಮಗಳಿಗೆ ಆಗ ಎರಡೂವರೆ ತಿಂಗಳು. ನಮ್ಮ ಕಟ್ಟಡದ ಕೆಳಮನೆಯಲ್ಲಿ ಒಬ್ಬ ಹೆಂಗಸು ದುಡ್ಡಿಗೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಒಂದು ಕೋಣೆ, ಅದರ ತುಂಬ ಮಕ್ಕಳು, ಅಕ್ಕಪಕ್ಕದವರಿಗೆ ಅಳು ಕೇಳಬಾರದೆಂದು ಸದಾ ಮುಚ್ಚಿದ ಕಿಟಕಿ. ಸಂಜೆ ಮಗಳನ್ನು ಎತ್ತಿಕೊಂಡರೆ ಮೈಯಿಡೀ ಹುಳಿತ ಹಾಲಿನ, ಕರಿದ ಮೀನಿನ ವಾಸನೆ. ಅವಳ ಕುತ್ತಿಗೆಯ ಮಡಿಕೆಗಳಲ್ಲಿ ಬಿಳಿ ಕೊಳೆ ಕೂತಿರುತ್ತಿತ್ತು. ಇದಕ್ಕೆ ನನ್ನ ಸಂಬಳದ ಮೂರರಲ್ಲಿ ಒಂದು ಪಾಲು ಹೋಗುತ್ತಿತ್ತು. ಇಡೀ ದಿನ ಊರವರ ಮಕ್ಕಳ ಮೈ ಒರೆಸಿ ಬಂದವಳು ರಾತ್ರಿ ನನ್ನ ಮಗುವಿನ ಕುತ್ತಿಗೆ ತೊಳೆಯುವಾಗ ನನಗೆ ಬರುತ್ತಿದ್ದದ್ದು ಅಳುವಲ್ಲ, ಹೇಸಿಗೆ.

ನಮ್ಮ ರಿಸೆಪ್ಶನ್ನಿನಲ್ಲಿ ಕೂರುತ್ತಿದ್ದ ಸೌದಿ ಹುಡುಗಿ ಆಗಷ್ಟೇ ಮದುವೆಯಾಗಿದ್ದಳು. ಒಂದು ದಿನ ನನ್ನ ಒದ್ದೆ ಯೂನಿಫಾರ್ಮು ನೋಡಿ ಅವಳೇ ವಿಷಯ ತೆಗೆದಳು. ಕೆಲಸಕ್ಕೆ ಬರುವ ತಾಯಂದಿರ ಮಕ್ಕಳಿಗೆ ಕಂಪನಿಯೇ ವ್ಯವಸ್ಥೆ ಮಾಡಬೇಕು, ಹಾಗೆಂದು ಸರ್ಕಾರದ ಕಾನೂನೇ ಇದೆ, ಹೋಗಿ ಕೇಳು ಎಂದಳು. ನನಗೆ ನಂಬಿಕೆ ಬರಲಿಲ್ಲ. ಆದರೂ ಮರುದಿನ ಎಚ್.ಆರ್. ಮ್ಯಾನೇಜರ ಕೋಣೆಗೆ ಹೋದೆ.

ಮ್ಯಾನೇಜರು ನಮ್ಮ ಮಂಗಳೂರಿನ ಕಡೆಯವರು. ಕೆಲಸ ಹೇಳುವಾಗ ಇಂಗ್ಲಿಷ್, ಇಲ್ಲ ಎನ್ನುವಾಗ ಕನ್ನಡ, ಇದು ಅವರ ಪದ್ಧತಿ. ಅಂದು ಕನ್ನಡದಲ್ಲೇ ಶುರು ಮಾಡಿದರು.

"ಕಾನೂನು ಉಂಟು ಮಾರಾಯ್ತಿ, ಇಲ್ಲಾಂತ ನಾನು ಹೇಳುದಿಲ್ಲ. ಐವತ್ತು ಹೆಂಗಸರು ಕೆಲಸಕ್ಕಿದ್ದು, ಅವರಿಗೆ ಆರು ವರ್ಷದೊಳಗಿನ ಹತ್ತು ಮಕ್ಕಳಿದ್ರೆ ಡೇ ಕೇರ್ ಮಾಡ್ಬೇಕು. ಆದ್ರೆ ನಮ್ಮಲ್ಲಿ ಮಕ್ಕಳೆಲ್ಲಿ?"

"ಇಷ್ಟೊಂದು ನರ್ಸುಗಳಿದ್ದೇವಲ್ಲ ಸರ್?"

"ನರ್ಸುಗಳಿದ್ದಾರೆ. ಮಕ್ಕಳು ಊರಲ್ಲಿದ್ದಾರೆ. ಊರಿನ ಮಕ್ಕಳನ್ನು ಇಲ್ಲಿ ಲೆಕ್ಕ ಹಿಡೀಲಿಕ್ಕೆ ಆಗ್ತದಾ? ನೀವು ಹತ್ತು ಮಕ್ಕಳನ್ನು ತೋರಿಸಿ, ನಾನು ನಾಳೆಯೇ ರೂಮು ಮಾಡಿಸ್ತೇನೆ."

ಮಕ್ಕಳನ್ನು ನೋಡಿಕೊಳ್ಳುವವರಿಲ್ಲ ಎಂದು ತಾಯಂದಿರು ಅವರನ್ನು ಊರಿಗೆ ಕಳಿಸಿದ್ದರು. ಮಕ್ಕಳು ಊರಿಗೆ ಹೋದರು ಎಂದು ಇಲ್ಲಿ ನೋಡಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ಇಂಥ ಸುತ್ತುಬಳಸು ಲೆಕ್ಕವನ್ನು ಆ ಮನುಷ್ಯ ಸುಲೈಮಾನಿ ಚಹಾ ಹೀರುತ್ತಾ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಹೇಳಿದರು.

ನನಗೂ ಹಟ ಹಿಡಿಯಿತು. ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ವಾರ್ಡಿನಿಂದ ವಾರ್ಡಿಗೆ ತಿರುಗಿದೆ. ಮಕ್ಕಳೆಷ್ಟು ಎಂದು ಕೇಳಿದರೆ ಸಾಕು, ಎಲ್ಲರೂ ಮೊಬೈಲು ತೆಗೆದು ತೋರಿಸುವವರೇ. ಕೊಟ್ಟಾಯಂನಲ್ಲಿ ಒಂದು, ಮನಿಲಾದಲ್ಲಿ ಎರಡು. ಇಲ್ಲಿ, ಖಮೀಸಿನಲ್ಲಿ, ಕೈಗೆ ಸಿಗುವ ಮಗು ಎಂದರೆ ಕಷ್ಟ. ಆದರೂ ಹುಡುಕಿದೆ. ಹೆರಿಗೆ ವಾರ್ಡಿನ ಮಲಯಾಳಿ ಗೆಳತಿಯ ಮಗ ಸಿಕ್ಕಿದ. ಈಜಿಪ್ಟಿನ ಡಾಕ್ಟರಮ್ಮನ ಇಬ್ಬರು, ಲ್ಯಾಬಿನ ಸುಡಾನಿ ಹೆಂಗಸಿನ ಮೂವರು ಸಿಕ್ಕಿದರು. ಹೀಗೆ ಇನ್ನೂ ಮೂವರನ್ನು ಕೂಡಿಸಿದಾಗ ನನ್ನ ಮಗಳೂ ಸೇರಿ ಹತ್ತಾಯಿತು. ಅಂದು ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಮಗಳು ನನ್ನ ವಾರ್ಡಿನ ಕೆಳಗಿನ ಮಹಡಿಯಲ್ಲಿ ಇರುತ್ತಾಳೆ, ಊಟದ ಬಿಡುವಿನಲ್ಲಿ ಹೋಗಿ ಹಾಲೂಡಿಸಬಹುದು ಎಂದು ಕನಸು ಕಟ್ಟಿದೆ.

ಮ್ಯಾನೇಜರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಬಹಳ ಸಂತೋಷ, ಮೇಲಿನವರ ಹತ್ತಿರ ಮಾತಾಡುತ್ತೇನೆ ಎಂದರು. ಮರುವಾರ ನೋಟಿಸು ಬಂತು. ತಾಯಂದಿರ ಕಷ್ಟವನ್ನು ಮನಗಂಡ ಆಡಳಿತವು ಮಗುವನ್ನು ಸ್ವದೇಶಕ್ಕೆ ಕಳಿಸಲು ವಿಮಾನದ ಟಿಕೆಟ್ ಕೊಡುತ್ತದೆ, ರಜೆಗೆ ಹೋಗುವ ಸಹೋದ್ಯೋಗಿಯ ಜೊತೆ ಕಳಿಸಬಹುದು, ಈ ಕೊಡುಗೆ ತಿಂಗಳ ಕೊನೆಯವರೆಗೆ ಮಾತ್ರ.

ಡೇ ಕೇರ್ ನಡೆಸುವುದಕ್ಕಿಂತ ಇದು ಅಗ್ಗ. ಹತ್ತರಲ್ಲಿ ಒಂದು ಕಡಿಮೆಯಾದರೂ ಅವರ ಕೆಲಸ ಆಯಿತು. ಮಲಯಾಳಿ ಗೆಳತಿ ಮೊದಲು ಒಪ್ಪಿದಳು. ಒಪ್ಪಿದ್ದು ಹಾಗಿರಲಿ, ಮ್ಯಾನೇಜರಿಗೆ ಸ್ವೀಟ್ಸ್ ಡಬ್ಬಿ ಕೊಟ್ಟು ಬಂದಳು! "ನಮ್ಮ ದೇಶದವರಾದ್ದರಿಂದ ಇಷ್ಟಾದರೂ ಮಾಡಿದರು" ಎಂದು ನನಗೇ ಹೇಳಿದಳು. ಆ ಡಬ್ಬಿಯಿಂದ ನನಗೊಂದು ತುಂಡು ಬಂತು. ಬಾಯಿಗಿಟ್ಟರೆ ಒಳಗೆ ಹೋಗಲಿಲ್ಲ, ಟಿಶ್ಯೂ ಪೇಪರಿನಲ್ಲಿ ಉಗಿದೆ.

ನಾನು ಟಿಕೆಟ್ ಬೇಡವೆಂದೆ. ಮಗಳನ್ನು ಕೆಳಮನೆಯಲ್ಲೇ ಬಿಡುತ್ತಾ ಇನ್ನೂ ಕೆಲವು ತಿಂಗಳು ತಳ್ಳಿದೆ. ಆಮೇಲೆ ಕೆಳಮನೆಯವಳ ಗಂಡನ ಇಕಾಮಾ, ಇಲ್ಲಿರಲು ಕೊಡುವ ಪರವಾನಗಿ, ಮುಗಿದು ಅವರೇ ಊರಿಗೆ ಹೋದರು. ಗಂಡ ಮಗಳನ್ನು ಅಂಗಡಿಗೆ ಒಯ್ದು ರಬ್ಬರಿನ ಧೂಳಿನ ನಡುವೆ ಮಲಗಿಸಿ ನೋಡಿದ. ಅಂಗಡಿಯ ಮಾಲೀಕನಾದ ಕಫೀಲ್ ಒಂದೇ ದಿನಕ್ಕೆ ಬೇಡವೆಂದ. ಇಲ್ಲಿಗೆ ಬರಲು ಮಾಡಿದ್ದ ಸಾಲ ತೀರದೆ ನಾನು ಕೆಲಸ ಬಿಡುವ ಹಾಗಿರಲಿಲ್ಲ. ಕೊನೆಗೆ ಅಭಾ ವಿಮಾನ ನಿಲ್ದಾಣದಲ್ಲಿ, ರಜೆಗೆ ಹೊರಟಿದ್ದ ನರ್ಸೊಬ್ಬಳ ಕೈಗೆ ಮಗಳನ್ನು ಕೊಟ್ಟೆವು, ಟಿಕೆಟ್ ನಮ್ಮ ದುಡ್ಡಿನದೇ. ಬಂಟ್ವಾಳದಲ್ಲಿ ನನ್ನ ತಾಯಿ, ನಮ್ಮ ಮಾತಿನಲ್ಲಿ ಉಮ್ಮ, ಅವಳನ್ನು ಸಾಕಿದರು.

ಎರಡು ವರ್ಷ ಕಳೆಯಿತು. ಸರ್ಕಾರ ಹೊಸ ಯೋಜನೆ ತಂದಿತು. ದುಡಿಯುವ ಸೌದಿ ಹೆಂಗಸರ ಮಕ್ಕಳನ್ನು ಡೇ ಕೇರಿನಲ್ಲಿ ಬಿಟ್ಟರೆ ಖರ್ಚಿನ ಒಂದು ಪಾಲನ್ನು ಸರ್ಕಾರವೇ ಕೊಡುತ್ತದೆ. ಒಳ್ಳೆಯ ಕೆಲಸ, ನಾನು ಅಲ್ಲಗಳೆಯುವುದಿಲ್ಲ. ರಿಸೆಪ್ಶನ್ನಿನ ಹುಡುಗಿಗೂ ಅಷ್ಟರಲ್ಲಿ ಗಂಡುಮಗುವಾಗಿತ್ತು, ಅವಳು ಕೆಲಸ ಬಿಡದೆ ಉಳಿದದ್ದು ಇದರಿಂದಲೇ. ಅದೇ ಹೊತ್ತಿಗೆ ನಮ್ಮಂಥ ಹೊರದೇಶದವರು ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಂಡರೆ ತಲೆಗಿಷ್ಟು ಎಂದು ತಿಂಗಳ ಶುಲ್ಕವೂ ಬಂದಿತ್ತು. ಅದಿರಲಿ, ಸರ್ಕಾರದ ದುಡ್ಡಿನ ವಾಸನೆ ಬಂದದ್ದೇ ತಡ, ಹತ್ತು ಮಕ್ಕಳ ಲೆಕ್ಕ ಹೇಳುತ್ತಿದ್ದ ಆಸ್ಪತ್ರೆ ಹಳೆ ಫೈಲು ತುಂಬಿದ್ದ ಕೋಣೆ ಖಾಲಿ ಮಾಡಿ, ಗೋಡೆಗೆ ಬಣ್ಣ ಬಳಿಸಿ, ಪುಟ್ಟ ಕುರ್ಚಿ ತರಿಸಿತು. ಮೊದಲು ಸೇರಿದ್ದು ನಾಲ್ಕೇ ಮಕ್ಕಳು.

ಮ್ಯಾನೇಜರು ನನ್ನನ್ನು ಕರೆಸಿ ಇಂಗ್ಲಿಷಿನಲ್ಲಿ ಅಭಿನಂದಿಸಿದರು. ಡೇ ಕೇರಿಗೆ ನನ್ನನ್ನೇ ಇನ್‌ಚಾರ್ಜ್ ಮಾಡಿದ್ದಾರಂತೆ. ನನ್ನ ಮಗಳನ್ನು ಕರೆಸಿಕೊಂಡರೆ ಅವಳನ್ನೂ ಅಲ್ಲಿ ಕೂರಿಸಬಹುದೇ ಎಂದು ಕೇಳಿದೆ.

ಕನ್ನಡ ಬಂತು. "ಅದು ಹಾಗಲ್ಲ ಮಾರಾಯ್ತಿ. ನಿಮ್ಮ ಮಗು ಅಲ್ಲೇ ಇದ್ರೆ ನಿಮ್ಮ ಗಮನ ಎಲ್ಲ ಅದರ ಮೇಲೆ. ಮಕ್ಕಳು ಹತ್ತಿರ ಇಲ್ಲದವರೇ ಇದಕ್ಕೆ ಸರಿ. ಅದಕ್ಕೇ ನಿಮ್ಮ ಹೆಸರು ಕೊಟ್ಟದ್ದು."

ಅವರು ಅದನ್ನು ಹೊಗಳಿಕೆಯೆಂದೇ ಹೇಳಿದ್ದರು. "ನನಗೆ ಎಕ್ಸಿಟ್ ಹೊಡೆಸಿ ಸರ್, ನಾನು ಊರಿಗೆ ಹೋಗ್ತೇನೆ" ಎಂದೆ.

"ಎಂತ ಮಾತು ಇದು? ಯೋಚನೆ ಮಾಡಿ" ಎಂದರು. ಸಾಲ ಇನ್ನೂ ಉಳಿದಿತ್ತು, ಯೋಚನೆ ಮಾಡಲಿಲ್ಲ. ದೇಶ ಬಿಡುವ ಕಾಗದ ಆಗಲು ನಾಲ್ಕು ತಿಂಗಳು ಸತಾಯಿಸಿದರು. ಆ ನಾಲ್ಕು ತಿಂಗಳೂ ಅದೇ ಕೋಣೆಯಲ್ಲಿ ಆ ಮಕ್ಕಳಿಗೆ ಉಣ್ಣಿಸಿದೆ, ಮೂಗು ಒರೆಸಿದೆ, ತಟ್ಟಿ ಮಲಗಿಸಿದೆ. ಮಕ್ಕಳ ಮೇಲೆ ಸಿಟ್ಟು ಬರಲಿಲ್ಲ, ಬರುವಂಥ ಮಕ್ಕಳೂ ಅಲ್ಲ. ರಿಸೆಪ್ಶನ್ನಿನ ಹುಡುಗಿಯ ಮಗ ಮಾತು ಕಲಿತದ್ದು ನನ್ನ ಮಡಿಲಲ್ಲೇ. ಅರಬಿ ಮಕ್ಕಳು ತಾಯಿಯನ್ನು ಕರೆಯುವಂತೆ ಅವನು ನನ್ನನ್ನು 'ಮಾಮಾ' ಎಂದು ಕೂಗುತ್ತಿದ್ದ. ಅಂಥದೇ ಒಂದು ದಿನ ಊರಿಗೆ ಫೋನು ಮಾಡಿ, ಉಮ್ಮ ಬರ್ತಾಳೆ ಮಗಳೇ, ಬೇಗ ಬರ್ತಾಳೆ ಎಂದೆ. "ಉಮ್ಮ ಇಲ್ಲೇ ಇದ್ದಾರಲ್ಲ" ಎಂದು ಮಗಳು ಫೋನನ್ನು ನನ್ನ ತಾಯಿಯ ಕೈಗೆ ಕೊಟ್ಟಳು.