ಬಟನ್ ಒತ್ತದ ಗಂಡ

ನಾನು ಮೊಬೈಲ್ ಗೇಮ್‌ಗೆ ಕಥೆ ಬರೆಯುತ್ತೇನೆ ಎಂದರೆ ನಮ್ಮ ಕಡೆಯವರು ಗುಂಡು ಹೊಡೆಯುವ ಆಟವೆಂದೇ ತಿಳಿಯುತ್ತಾರೆ. ನಮ್ಮದು ಹಾಗಲ್ಲ. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ, ಹೂವಿನಂಗಡಿಯ ಮೇಲಿನ ಮಹಡಿಯಲ್ಲಿ ಕೂತು ನಾನೂ ಗೆಳತಿಯೂ ಮಾಡುತ್ತಿದ್ದ ಗೇಮಿನಲ್ಲಿ ಇದ್ದದ್ದು ಹೊಸದಾಗಿ ಮದುವೆಯಾದ ಗಂಡ ಹೆಂಡತಿಯ ಸಂಸಾರ. ಆಡುವವರು ಗಂಡನಾಗಬೇಕು; ಏನು ಹೇಳಬೇಕು, ಏನು ಮಾಡಬೇಕು ಎಂಬುದನ್ನು ಬಟನ್ ಒತ್ತಿ ಆರಿಸಬೇಕು. ಕಥೆ ನನ್ನದು, ಬೊಂಬೆಗಳನ್ನು ಓಡಾಡಿಸುವ ಕೆಲಸ ಅವಳದು.

ಗೇಮಿನ ಗಂಡ ಹೆಂಡತಿ ಮೊದಲ ಸಲ ಹತ್ತಿರವಾಗುವ ದೃಶ್ಯ ಬರುವವರೆಗೆ ಎಲ್ಲ ಸಲೀಸಾಗಿತ್ತು. ಗಂಡ ಹೆಗಲ ಮೇಲೆ ಕೈಯಿಟ್ಟರೆ ಕೈ ಹೆಗಲೊಳಗೆ ಹೊಕ್ಕು ಬೆನ್ನಿನಿಂದ ಹೊರಬರುತ್ತಿತ್ತು. ಹೆಂಡತಿ ತಲೆ ತಗ್ಗಿಸಿದರೆ ಜಡೆ ಕತ್ತಿನೊಳಗೆ ಮಾಯ. ಗೆಳತಿ ವಾರಗಟ್ಟಲೆ ಒದ್ದಾಡಿ ಅದನ್ನು ಸರಿಮಾಡಿದಳು. ಮಾತಿನದು ಅದಕ್ಕಿಂತ ಕಷ್ಟ. 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಎಂದು ಬರೆದು ಜೋರಾಗಿ ಓದಿದೆ. ಡಬ್ಬಿಂಗ್ ಸಿನಿಮಾ ಕೇಳಿದ ಹಾಗಾಯಿತು. ನಮ್ಮ ಮನೆಗಳಲ್ಲಿ ಯಾವ ಗಂಡ ಹೀಗೆ ಹೇಳಿದ್ದಾನೆ?

"ಲೈಟ್ ಆರಿಸಿಬಿಡೋಣ ಮಾರಾಯ್ತಿ, ಮುಂದಿಂದು ಎಲ್ರಿಗೂ ಗೊತ್ತಲ್ಲ," ಎಂದಳು ಗೆಳತಿ.

"ಯಾರಿಗೆ ಗೊತ್ತು?" ಎಂದು ರೇಗಿದೆ. ಪಾಪ, ಅವಳದೇನೂ ತಪ್ಪಿರಲಿಲ್ಲ.

ನನಗೇ ಗೊತ್ತಿರಲಿಲ್ಲ. ಹಿರಿಯರು ನೋಡಿ ಮಾಡಿದ ಮದುವೆ, ಆಗಿ ಕೆಲವು ತಿಂಗಳಾಗಿತ್ತು. ನನ್ನ ಗಂಡ ಭದ್ರಾವತಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು; ರವೀಂದ್ರನಗರದ ಬಾಡಿಗೆ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಬರುವಾಗ ನನಗಿಷ್ಟವೆಂದು ಬಿಸಿ ಕಡಲೆಕಾಯಿ ತರುತ್ತಿದ್ದರು. ಒಣಗಿದ ನನ್ನ ಬಟ್ಟೆಗಳನ್ನೂ ಮಡಿಸಿಡುತ್ತಿದ್ದರು. ಆಮೇಲೆ ಮಂಚದ ಆ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಇವರಿಗೆ ನಾನು ಹಿಡಿಸಲಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೆ. ಯಾರ ಹತ್ತಿರ ಹೇಳಿಕೊಳ್ಳುವುದು? ಅಮ್ಮ ಫೋನಿನಲ್ಲಿ "ಎಲ್ಲ ಚೆನ್ನಾಗಿದ್ಯಾ?" ಎಂದರೆ ಹ್ಞೂಂ ಎನ್ನುತ್ತಿದ್ದೆ. ಬಾಯಿಬಡುಕಿ ಎಂದು ಹೆಸರಾದವಳಿಗೆ ಆ ಒಂದು ಮಾತಿಗೆ ಮಾತ್ರ ಬಾಯಿ ಬರುತ್ತಿರಲಿಲ್ಲ.

ಕೊನೆಗೆ ದೃಶ್ಯವನ್ನು ಹೇಗೋ ಮುಗಿಸಿದೆ. ಹೆಂಡತಿ ಕಿಟಕಿಯ ಬಳಿ ನಿಂತಿರುತ್ತಾಳೆ. ಗಂಡ ಹತ್ತಿರ ಬರುತ್ತಾನೆ. ಕೆಳಗೆ 'ಕೈ ಹಿಡಿ' ಎಂಬ ಬಟನ್ ಹೊಳೆಯುತ್ತದೆ. ಒತ್ತಿದರೆ ಅವಳು ತಿರುಗಿ ಅವನೆದೆಗೆ ಒರಗುತ್ತಾಳೆ. ಗೇಮ್ ಗೊತ್ತಿಲ್ಲದ ಯಾರಾದರೂ ಆಡಿ ನೋಡಬೇಕಿತ್ತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೊಬೈಲನ್ನು ಇವರ ಕೈಗೆ ಕೊಟ್ಟೆ. ಇದೇ ದೃಶ್ಯವನ್ನು ಕೊಡುವ ಧೈರ್ಯ ಎಲ್ಲಿಂದ ಬಂತೋ. ಕೊಟ್ಟವಳೇ ಪಾತ್ರೆ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಓಡಿದೆ.

ಪಾತ್ರೆಯೆಲ್ಲ ತೊಳೆದು ಬಂದರೂ ಇವರು ಹಾಗೇ ಕೂತಿದ್ದರು. ಬಟನ್ ಹೊಳೆಯುತ್ತಲೇ ಇತ್ತು.

"ಯಾಕ್ರೀ, ನಿಂತು ಹೋಯ್ತಾ?"

"ಇಲ್ಲ. ಅವಳು ಇನ್ನೂ ಏನೂ ಹೇಳಿಲ್ವಲ್ಲ."

"ಅವಳು ಏನೂ ಹೇಳಲ್ಲ ಕಣ್ರೀ. ನೀವು ಬಟನ್ ಒತ್ಬೇಕು."

"ಅವಳ ಮನಸ್ಸಲ್ಲಿ ಏನಿದ್ಯೋ. ಮನೆಯೋರು ಹೇಳಿದ್ರು ಅಂತ ಮದುವೆ ಆಗಿರ್ತಾಳೆ. ಗಂಡ ಅಂದ ಮಾತ್ರಕ್ಕೆ ಕೈ ಹಿಡಿದುಬಿಡೋದಾ?" ಮೊಬೈಲಿನಿಂದ ಕಣ್ಣು ತೆಗೆಯದೆ ಹೇಳಿದರು. "ಕಾಯ್ತೀನಿ ಬಿಡು. ನಂಗೇನು ಅವಸರ ಇಲ್ಲ."

ಇವರ ಕಿವಿ ಕೆಂಪಾಗಿತ್ತು. ಹಿಡಿಸಲಿಲ್ಲವೆಂದು ನಾನು ಕೊರಗಿದ ಅಷ್ಟೂ ದಿನ ಈ ಮನುಷ್ಯ ಕಾಯುತ್ತಿದ್ದರು! ನಗು ಬಂತು, ಸಿಟ್ಟೂ ಬಂತು, ಅದರ ಹಿಂದೆಯೇ ಯಾವತ್ತೂ ಬಾರದಷ್ಟು ಪ್ರೀತಿ ಬಂತು. ಅಲ್ಲ, ಒಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಹಾಗೆ ನೋಡಿದರೆ ನನ್ನ ಗಂಟೂ ಏನೂ ಹೋಗುತ್ತಿರಲಿಲ್ಲ.

ಒದ್ದೆ ಕೈಯನ್ನು ವೇಲಿಗೆ ಒರೆಸಿಕೊಂಡು ಪಕ್ಕದಲ್ಲಿ ಕೂತೆ.

"ಅವಳಿಗೆ ಇಷ್ಟ ಇದೆ ಕಣ್ರೀ," ಎಂದೆ. "ಮೊದಲಿಂದಾನೂ ಇತ್ತು. ಗಂಡಂಗೇ ಇಲ್ವೇನೋ ಅಂದ್ಕೊಂಡಿದ್ಲು."

ಇವರು ಮೊಬೈಲನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗನ ಹಾಗೆ, "ಮತ್ತೆ... ನಿಂಗೆ?" ಎಂದರು.

"ನಂಗೂ," ಎಂದು ನಾನೇ ಕೈ ಹಿಡಿದೆ.

ಸೋಮವಾರ ಆಫೀಸಿಗೆ ತಡವಾಗಿ ಹೋದೆ. ಆ ದೃಶ್ಯವನ್ನು ಪೂರ್ತಿ ಅಳಿಸಿ ಮೊದಲಿಂದ ಬರೆದೆ. ಈ ಸಲ ಮೊದಲು ಮಾತಾಡುವುದು ಅವಳು.