ಸಮ್ಮಟಿಗೆ ಹೊಡೆಯುವ ಗಣಪ

ಹೊನ್ನಾವರದ ಬಂದರು ರಸ್ತೆಯಲ್ಲಿ ನನ್ನದು ದೋಣಿ ರಿಪೇರಿಯ ಕೊಟ್ಟಿಗೆ. ಪಕ್ಕದಲ್ಲೇ ಕೃಷ್ಣಾನಂದ ಆಚಾರಿಯ ಕಬ್ಬಿಣ ಕಾಯಿಸಿ ಬಡಿಯುವ ಸಾಲೆ. ಎಪ್ಪತ್ತರ ದಶಕ ಪೂರ್ತಿ ಆ ಸಾಲೆಯ ಸದ್ದಿನಲ್ಲೇ ಉಂಡವನು ನಾನು. ಹಾಗಾಗಿ ಗಣಪನ ಕತೆ ಹೇಳುವ ಹಕ್ಕು ನನಗಿದೆ, ಬೇರೆ ಹೇಳುವವರೂ ಇಲ್ಲ. ಲಂಗರು ಮಾಡಿದ ಆಚಾರಿಯ ಹೆಸರು ಊರಿಗೆಲ್ಲ ಗೊತ್ತು. ಎದುರು ನಿಂತು ಸಮ್ಮಟಿಗೆ ಎತ್ತಿದವನನ್ನು ಯಾರು ಕೇಳುತ್ತಾರೆ?

ಗಣಪ ಇಡಗುಂಜಿ ಕಡೆಯವನು. ಹರಕೆ ಹೊತ್ತು ಹುಟ್ಟಿದ ಮಗ ಎಂದು ದೇವರ ಹೆಸರೇ ಇಟ್ಟಿದ್ದರು. "ಹೆಸರು ದೇವರದ್ದು, ಕೆಲ್ಸ ಕತ್ತೆದು" ಎಂದು ನಾನು ಕಿಚಾಯಿಸಿದರೆ ಬೀಡಿ ಹಚ್ಚಿಕೊಂಡು ನಗುತ್ತಿದ್ದ. ಕತ್ತೆಗಾದರೂ ಮಧ್ಯಾಹ್ನ ನೆರಳು ಸಿಗುತ್ತದೆ. ಇವನಿಗೆ ಕುಲುಮೆಯ ಎದುರೇ ಜಾಗ. ಸಂಜೆ ಬಲಗೈ ಮೇಲೆತ್ತಲಾಗದೆ ಎಡಗೈಯಲ್ಲಿ ಚಾ ಕುಡಿಯುತ್ತಿದ್ದ.

ಆ ಸಾಲೆಯಲ್ಲಿ ಕೆಲಸದ ಹೊತ್ತಿಗೆ ಮಾತಿಲ್ಲ. ಆಚಾರಿ ಎಡಗೈಯ ಇಕ್ಕಳದಲ್ಲಿ ಕೆಂಪು ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಹಿಡಿದು, ಬಲಗೈಯ ಸಣ್ಣ ಸುತ್ತಿಗೆಯಿಂದ ಎಲ್ಲಿ ತಟ್ಟುತ್ತಾರೋ ಅಲ್ಲಿಗೇ ಗಣಪನ ಸಮ್ಮಟಿಗೆ ಬೀಳಬೇಕು. ಅವರು ಮೆಲ್ಲಗೆ ತಟ್ಟಿದರೆ ಇವನೂ ಮೆಲ್ಲಗೆ, ಜೋರಾಗಿ ತಟ್ಟಿದರೆ ಇವನೂ ಜೋರಾಗಿ. ಸಾಕು ಎನ್ನುವುದಕ್ಕೆ ಸಣ್ಣ ಸುತ್ತಿಗೆಯನ್ನು ಬರೀ ಅಡಿಗಲ್ಲಿಗೆ ತಾಗಿಸುತ್ತಿದ್ದರು. 'ಟಿಣ್' ಎಂದಮೇಲೆ ಸಮ್ಮಟಿಗೆ ಎತ್ತುವಂತಿಲ್ಲ. ಆಮೇಲೆ ಕಬ್ಬಿಣ ಹೊರಳಿಸಲು ಆಚಾರಿಯ ಕೈ ಮುಂದೆ ಬರುತ್ತದೆ.

ಅಷ್ಟು ವರ್ಷ ಆ ಹೊಡೆತದ ಪಕ್ಕ ನಿಂತ ಕಿವಿ ಉಳಿಯುತ್ತದೆಯೇ? ಮೊದಮೊದಲು ಮನೆಯಲ್ಲಿ ಹೆಂಡತಿ ಮಾದೇವಿ ಕರೆದರೆ ಓಗೊಡುತ್ತಿರಲಿಲ್ಲ. ಆಮೇಲೆ ಎದುರು ನಿಂತು ಹೇಳಿದರೂ "ಎಂತ?" ಎನ್ನುತ್ತಿದ್ದ. ಮಾದೇವಿ ಒಮ್ಮೆ ನನ್ನ ಕೊಟ್ಟಿಗೆಗೇ ಬಂದಳು.

"ಮಾಬ್ಲಣ್ಣ, ಇವ್ರ ಕಿವಿ ಪೂರಾ ಹೋಗ್ಯದೆ. ಆಚಾರ್ರಿಗೆ ಗೊತ್ತಾದ್ರೆ ಕೆಲ್ಸ ಬಿಡ್ಸ್ತ್ರು. ಈ ಪ್ರಾಯಕ್ಕೆ ಇನ್ಯಾರು ಕರೀತ್ರು?"

ನಾನು ಗಣಪನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದೆ. ಅವನಿಗೆ ಸಿಟ್ಟು ಬಂತು.

"ಆ ಟಿಣ್ ಒಂದು ಕೇಳ್ತದೆ ಮಾರಾಯ. ಅದು ಕೇಳಿದ್ರೆ ಸಾಕು. ನಿಮ್ಮ ಪಂಚಾತಿಕೆ ಕೇಳಿ ನಂಗೆ ಎಂತ ಆಗ್ಬೇಕು?"

ನಿಜವಿರಬೇಕು ಅಂದುಕೊಂಡೆ. ನನ್ನ ಕಣ್ಣೆದುರೇ ಸಮ್ಮಟಿಗೆ ಸರಿಯಾದ ಹೊತ್ತಿಗೆ ನಿಲ್ಲುತ್ತಿತ್ತಲ್ಲ. ಆಚಾರಿಯೂ ಒಂದು ದಿನ ಒಂದು ಮಾತು ಅಂದವರಲ್ಲ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಆಚಾರಿ ಹಾಸಿಗೆ ಹಿಡಿದರು. ಕುಮಟೆಯಿಂದ ಅವರ ತಮ್ಮನ ಮಗ ನಾರಾಯಣ ವೆಲ್ಡಿಂಗ್ ಮಷಿನ್ ತಂದು ಸಾಲೆಯಲ್ಲಿ ಕೂತ. ಒಳ್ಳೆಯ ಹುಡುಗ, ಕೆಲಸ ಬಲ್ಲವ. ಚುಕ್ಕಾಣಿ, ಗೇಟು, ಕಿಟಕಿಯ ಸರಳು, ಎಲ್ಲ ಹೊಲಿದಂತೆ ಬೆಸೆಯುತ್ತಿದ್ದ. ಗಣಪ ಗುಡಿಸುತ್ತ, ಅರದಿಂದ ಕಬ್ಬಿಣ ಉಜ್ಜುತ್ತ ಮೂಲೆಯಲ್ಲಿರುತ್ತಿದ್ದ. ಆ ದಿನಗಳಲ್ಲಿ ಅವನ ಮುಖ ನೋಡಿದರೆ ನನಗೇ ಸುಸ್ತಾಗುತ್ತಿತ್ತು.

ಒಂದು ಮಧ್ಯಾಹ್ನ ಹೊಳೆಯಾಚೆಯ ಕಾಸರಕೋಡಿನವರು ಬಂಡೆಗೆ ಸಿಕ್ಕಿ ಸೊಟ್ಟಗಾದ ಲಂಗರು ತಂದರು. ಅದು ವೆಲ್ಡಿಂಗಿಗೆ ಬಗ್ಗುವ ಕೆಲಸವಲ್ಲ. ಕುಲುಮೆ ಹೊತ್ತಿತು. ಗಣಪ ಸಮ್ಮಟಿಗೆ ಎತ್ತಿಕೊಂಡು ಹುರುಪಿನಿಂದ ನಿಂತ. ನಾರಾಯಣ ದೊಡ್ಡಪ್ಪನ ಹಾಗೆಯೇ ತಟ್ಟಿದ, ಇವನು ಅಲ್ಲಿಗೇ ಹೊಡೆದ. 'ಟಿಣ್' ಎಂದದ್ದು ನನ್ನ ಕೊಟ್ಟಿಗೆಗೆ ಕೇಳಿತು. ಅದರ ಹಿಂದೆಯೇ ಇನ್ನೊಂದು ಹೊಡೆತ ಬಿತ್ತು, ನಾರಾಯಣ ಕಿರುಚಿಕೊಂಡ.

ಅವನ ಎಡಗೈಯ ಎರಡು ಬೆರಳು ಹೋದವು. ಅವನನ್ನು ಡಾಕ್ಟರರ ಬಳಿ ಬಿಟ್ಟು ನಾನು ಬಂದಾಗ ಗಣಪ ಅಡಿಗಲ್ಲಿನ ಬುಡದಲ್ಲೇ ಕೂತಿದ್ದ. ಎಬ್ಬಿಸಿ ಆಚಾರಿಯ ಮನೆಗೆ ಕರೆದುಕೊಂಡು ಹೋದೆ. ಸುದ್ದಿ ಅಲ್ಲಿಗೆ ಮೊದಲೇ ಮುಟ್ಟಿತ್ತು.

"ನಿಮ್ಮ ಟಿಣ್ ಕೇಳ್ತಿತ್ತು ಆಚಾರ್ರೆ. ಅವಂದು ಕೇಳ್ಲಿಲ್ಲ" ಎಂದು ಗಣಪ ಅತ್ತ. ಸುಳ್ಳು ಹೇಳುತ್ತಿರಲಿಲ್ಲ. ಅವನು ನಂಬಿದ್ದೇ ಹಾಗೆ.

"ನಂದೂ ನಿಂಗೆ ಕೇಳ್ತಿತ್ತಿಲ್ಲ" ಎಂದರು ಆಚಾರಿ.

"ಎಂತ?"

ಆಚಾರಿ ದಿಂಬಿನ ಮೇಲೆ ಮಲಗಿದಲ್ಲೇ ಗದ್ದವನ್ನು ಚೂರು ಮೇಲೆತ್ತಿ ಹಾಗೇ ಹಿಡಿದರು. ಕೈಮುಗಿದು ನಿಂತಿದ್ದ ಗಣಪನ ಎರಡೂ ಕೈ ತಾವಾಗಿಯೇ ಕೆಳಗಿಳಿದವು. ಅವನು ತನ್ನ ಕೈಗಳನ್ನೇ ನೋಡಿಕೊಂಡ. ನನಗೂ ಆಗಲೇ ಗೊತ್ತಾದದ್ದು. ಆಚಾರಿ ಎಷ್ಟೋ ಕಾಲದಿಂದ ಅವನ ಸಮ್ಮಟಿಗೆಯನ್ನು ಈ ಗದ್ದದ ಸನ್ನೆಯಿಂದಲೇ ನಿಲ್ಲಿಸುತ್ತಿದ್ದರು, ಅವನಿಗೇ ತಿಳಿಯದ ಹಾಗೆ.

ಆಚಾರಿ ನನ್ನ ಕಡೆ ತಿರುಗಿದರು. "ಗೊತ್ತಾದ್ರೆ ಇವ್ನ ಹೊಟ್ಟೆಪಾಡು ಹೋಗ್ತದೆ ಅಂತ ಯಾರಿಗೂ ಹೇಳ್ಲಿಲ್ಲ ಮಾಬ್ಲ. ನಾರಾಯಣಂಗೂ ಹೇಳ್ಲಿಲ್ಲ." ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಹೊರಗೆ ಬಂದೆವು. ಪೇಟೆಯ ನಡುವೆ ಗಣಪ ನನ್ನ ತೋಳು ಹಿಡಿದು ನಿಲ್ಲಿಸಿದ.

"ಆಚಾರ್ರು ಕಡೆಗೆ ಎಂತ ಹೇಳಿದ್ರು?"

ಏನೂ ಇಲ್ಲ ಎಂದು ತಲೆಯಾಡಿಸಿದೆ. ಅವನು ತೋಳು ಬಿಡಲಿಲ್ಲ. ಕೊನೆಗೆ ಅವನ ಕಿವಿಗೆ ಬಾಯಿ ಹಚ್ಚಿ, ಅಷ್ಟನ್ನೂ ಕೂಗಿ ಹೇಳಿದೆ. ಅಂಗಡಿಯವರೆಲ್ಲ ಎದ್ದು ನಿಂತು ಕೇಳಿಸಿಕೊಂಡರು.