ಮಗಳ ಶಾಲೆಯ ಮುಂದೆ ನಿಂತ ಬಸ್ಸು

ಫ್ರೆಂಡ್ಸ್, ನಾನು ಮಧುಗಿರಿ–ಪಾವಗಡ ಬಸ್ಸಿನ ಕಂಡಕ್ಟರ್. ಇವತ್ತು ಮಿಡಿಗೇಶಿ ದಾಟುವಾಗ, ಮುಂದೆ ಸಿಗುವ ನಮ್ಮೂರಿನ ಶಾಲೆಯಿಂದ ಹೊಸ ಟೀಚರ್ ಫೋನ್ ಮಾಡಿದರು. ಅಲ್ಲಿ ಮೂರನೇ ಕ್ಲಾಸಿನಲ್ಲಿರುವ ನನ್ನ ಮಗಳಿಗೆ ಎರಡು ವರ್ಷದವಳಿದ್ದಾಗಿನಿಂದ ಶುಗರ್ ಕಾಯಿಲೆ. ದಿನಾ ಇನ್ಸುಲಿನ್ ಬೇಕು.

"ಮಗು ಬೆವರ್ತಾ ನಡುಗ್ತಾ ಐತೆ ಕಣಮ್ಮ. ಬ್ಯಾಗಲ್ಲಿರೋ ಇನ್ಸುಲಿನ್ ಹಾಕ್ಬುಡ್ಲಾ?"

ಬೆವರು, ನಡುಕ ಶುಗರ್ ಇಳಿದ ಲಕ್ಷಣ. ಆಗ ಇನ್ಸುಲಿನ್ ಹಾಕಿದರೆ ಜೀವಕ್ಕೇ ಅಪಾಯ. "ಸೂಜಿ ಮುಟ್ಬೇಡಿ! ಗ್ಲೂಕೋಸ್ ಕುಡಿಸಿ!" ಎಂದು ಕಿರುಚಿದೆ. ಅಷ್ಟರಲ್ಲಿ ಫೋನ್ ಕಟ್ಟಾಯಿತು. ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಮತ್ತೆ ಮಾಡೋಣವೆಂದರೆ ಸಿಗ್ನಲ್ ಇಲ್ಲ.

ಶಾಲೆ ರಸ್ತೆ ಪಕ್ಕದಲ್ಲೇ ಇದೆ. ಫೋನಿನ ಮಾತು ಕೇಳಿಸಿಕೊಂಡಿದ್ದ ಡ್ರೈವರಣ್ಣ ನಾನು ಬಾಯಿ ಬಿಡುವ ಮೊದಲೇ ಗೇಟಿನ ಮುಂದೆ ನಿಲ್ಲಿಸಿದರು. "ಏಮಮ್ಮಾ, ಇದೇನು ನಿಮ್ಮನೆ ಬಸ್ಸಾ?" ಎಂದು ಪ್ರಯಾಣಿಕರೊಬ್ಬರು ತೆಲುಗು ಬೆರೆಸಿ ಕೂಗುತ್ತಿದ್ದರೂ ಇಳಿದು ಓಡಿದೆ.

ಮಗಳು ಬೆಂಚಿನ ಮೇಲೆ ಕೂತು ಗ್ಲೂಕೋಸ್ ಕುಡಿಯುತ್ತಿದ್ದಳು. ಟೀಚರ್ ಲೋಟ ಹಿಡಿದಿದ್ದರು, ಸೂಜಿ ಬ್ಯಾಗಿನಲ್ಲೇ ಇತ್ತು. "ಅಮ್ಮಾ, ಬಸ್ ಬುಟ್ಟು ಬಂದ್ಬುಟ್ಯಾ? ಹೋಗು, ಬೈತಾರೆ" ಎಂದಳು ಮಗಳು. ಅವಳ ತುಟಿಗೆ ಬಣ್ಣ ಬರುವವರೆಗೆ ಅಪ್ಪಿಕೊಂಡು ನಿಂತಿದ್ದು ವಾಪಸ್ ಓಡಿದೆ.

ಸಂಜೆ ಡಿಪೋದಲ್ಲಿ ದೂರು ಕಾದಿತ್ತು. ಬಸ್ಸು ಹತ್ತು ನಿಮಿಷ ತಡ, ಕಾರಣ ಬರೆದುಕೊಡಬೇಕು. ಆಫೀಸಿನ ಕಾಗದ ಅಲ್ಲವೇ ಎಂದು ಅಚ್ಚ ಕನ್ನಡದಲ್ಲೇ, 'ಮಗಳಿಗೆ ಸಕ್ಕರೆ ಕಡಿಮೆಯಾಗಿತ್ತು' ಎಂದು ಬರೆದೆ.

ಓದಿದ ಸಾಹೇಬರು ಕನ್ನಡಕ ತೆಗೆದು, "ಸಕ್ಕರೆ ಕಮ್ಮಿಯಾದ್ರೆ ಅಂಗಡಿಯಿಂದ ತರ್ಸೋದಲ್ವೇನಮ್ಮಾ? ಅದಕ್ಕೂ ಬಸ್ ನಿಲ್ಲಿಸ್ತಾರಾ?" ಎಂದರು.

ಇನ್ನೊಂದು ಹಾಳೆ ಕೇಳಿ, 'ರಕ್ತದಲ್ಲಿ' ಎಂಬ ಪದ ಸೇರಿಸಿ ಕೊಟ್ಟು ಬಂದಿದ್ದೇನೆ.